ನಡುಗಿದ ಎಳೆ

ನವರಾತ್ರಿ ಶುರುವಾಯಿತೆಂದರೆ ನಮ್ಮ ಮನೆಯ ಅಟ್ಟದಿಂದ ಎರಡು ಬಿದಿರಿನ ಬುಟ್ಟಿಗಳು ಕೆಳಗಿಳಿಯುತ್ತವೆ. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಹಚ್ಚಂಬಲಿ ಬುಟ್ಟಿ. ಸೊರಬ, ಸಾಗರ ಕಡೆಯ ದೀವರ ಮನೆಗಳನ್ನು ಬಲ್ಲವರಿಗೆ ಇವು ಹೊಸತಲ್ಲ. ಬುಟ್ಟಿಗೆ ಸಗಣಿ ಬಳಿದು ಒಣಗಿಸಿ, ಅದರ ಮೇಲೆ ಕೆಮ್ಮಣ್ಣು ಹಚ್ಚಿ, ಅಕ್ಕಿ ನೆನೆಸಿ ಅರೆದ ಬಿಳಿಯಲ್ಲಿ ಚಿತ್ತಾರ ಬರೆಯಬೇಕು. ಕುಂಚ ಎಂದರೆ ಪುಂಡಿ ನಾರು. ಎಳೆಯ ಪಕ್ಕ ಎಳೆ, ಅದರ ಪಕ್ಕ ಇನ್ನೊಂದು ಎಳೆ, ಎಲ್ಲವೂ ನೂಲಿನಷ್ಟು ಸಪೂರ. ಸ್ಕೇಲಿಲ್ಲ, ಪೆನ್ಸಿಲ್ಲಿನ ಗುರುತಿಲ್ಲ, ತಪ್ಪಿದರೆ ಒರೆಸಿ ಬರೆಯುವ ಹಾಗೂ ಇಲ್ಲ. ಒರೆಸಿದರೆ ಕೆಮ್ಮಣ್ಣೂ ಎದ್ದು ಬರುತ್ತದೆ.

ನಮ್ಮ ಊರು ಸೊರಬದಿಂದ ಚಂದ್ರಗುತ್ತಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿದೆ. ಅಲ್ಲಿ ಅವ್ವನ ಕೈಯ ಎಳೆಗೆ ಹೆಸರಿತ್ತು. ಮದುವೆ ಮನೆಯವರು ಹಸೆಗೋಡೆ ಬರೆಯಲು ಅವಳನ್ನೇ ಕರೆಯುತ್ತಿದ್ದರು. ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ಅವಳು ಬುಟ್ಟಿಯ ಒಂದು ಮಗ್ಗುಲನ್ನು ನನಗೇ ಬಿಟ್ಟುಕೊಟ್ಟಿದ್ದಳು. ಯಾವ ಮಗ್ಗುಲು ಯಾರದು ಎಂದು ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ. ನನಗೆ ಆಗ ಅದಕ್ಕಿಂತ ದೊಡ್ಡ ಹೆಮ್ಮೆ ಬೇರೆ ಇರಲಿಲ್ಲ.

2010ರ ನವರಾತ್ರಿ. ನಾನು ಡಿಗ್ರಿ ಮೊದಲ ವರ್ಷ. ನಾರನ್ನು ಬಿಳಿಯಲ್ಲಿ ಅದ್ದಿ ಬುಟ್ಟಿಗೆ ಮುಟ್ಟಿಸಿದೆ. ಎಳೆ ನೆಟ್ಟಗೆ ಹೋಗಲಿಲ್ಲ. ಸಣ್ಣಗೆ ಅಲೆಯಾಗಿ, ಗದ್ದೆಯ ನೀರಿನ ಮೇಲೆ ಗಾಳಿ ಬೀಸಿದ ಹಾಗೆ ಹೋಯಿತು. ಕೈ ಹಿಂದಕ್ಕೆ ತೆಗೆದು ಮತ್ತೆ ಇಟ್ಟೆ. ಮತ್ತೆ ಅದೇ. ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಏನೂ ಇಲ್ಲ, ಮುಂದೆ ಚಾಚಿದರೆ ಬೆರಳ ತುದಿ ನಡುಗುತ್ತಿತ್ತು.

"ಎಂತಾತೇ? ಕೈ ಯಾಕೆ ಹಂಗ್ ಮಾಡ್ತೈತಿ?" ಅವ್ವ ಕೇಳಿದಳು.

"ಚಳಿ" ಎಂದೆ. ಹೊರಗೆ ಸುಡುವ ಬಿಸಿಲಿತ್ತು.

ಅವ್ವ ಏನೂ ಹೇಳದೆ ಬುಟ್ಟಿಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಆ ವರ್ಷ ಎರಡೂ ಮಗ್ಗುಲನ್ನು ಅವಳೇ ಬರೆದಳು.

*

ಕೈ ನಡುಗಿಸಿದ್ದು ಕಾಯಿಲೆಯಲ್ಲ, ಔಷಧ. ಅದು ಬಂದ ಕಥೆ ಹೇಳಲು ಎರಡು ವರ್ಷ ಹಿಂದೆ ಹೋಗಬೇಕು.

ಹದಿನಾರನೇ ವಯಸ್ಸಿನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ನನ್ನ ಕೈಯಿಂದ ಸಾಮಾನುಗಳು ಹಾರತೊಡಗಿದವು. ಹಲ್ಲುಜ್ಜುವ ಬ್ರಷ್ಷು, ಚಹಾದ ಲೋಟ, ಒಮ್ಮೆ ಮಜ್ಜಿಗೆಯ ಚೊಂಬು. ಯಾರೋ ಮೊಣಕೈಗೆ ತಟ್ಟಿದ ಹಾಗೆ ತಟಕ್ಕನೆ ಎಗರುತ್ತಿತ್ತು. ಹೊತ್ತೇರಿದ ಮೇಲೆ ಏನೂ ಇಲ್ಲ. ಮನೆಯಲ್ಲಿ ನನಗೆ 'ಕೈ ಜಾರಿ' ಎಂದು ಹೆಸರಿಟ್ಟರು. ನಾನೂ ನಕ್ಕೆ.

ಆ ವರ್ಷ ಭೂಮಿ ಹುಣ್ಣಿಮೆ ಬಂತು. ಗದ್ದೆಯಲ್ಲಿ ಬತ್ತ ಹೊಡೆಯಾಗುವ ಹೊತ್ತಿನ ಹಬ್ಬ ಇದು. ಭೂಮಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬುದು ನಂಬಿಕೆ. ಹಿಂದಿನ ದಿನ ಹೊಲ ಗುಡ್ಡ ಸುತ್ತಿ ಬಗೆಬಗೆಯ ಸೊಪ್ಪು ಕುಡಿ ಕೊಯ್ದು ತರುತ್ತಾರೆ. ರಾತ್ರಿಯೆಲ್ಲ ಹೆಂಗಸರು ನಿದ್ದೆಗೆಟ್ಟು ಕಡುಬು, ಪಲ್ಯ, ಹಚ್ಚಂಬಲಿ ಬೇಯಿಸುತ್ತಾರೆ. ಬೆಳಕು ಹರಿಯುವ ಮೊದಲು ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಹಚ್ಚಂಬಲಿ ಬೀರುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಗದ್ದೆಯಲ್ಲೇ ಕೂತು ಪೂಜೆ, ಊಟ.

ಆ ರಾತ್ರಿ ನಾನು ಕಣ್ಣು ಮುಚ್ಚಿರಲಿಲ್ಲ. ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದಾಗ ಕೈ ಎರಡು ಸಲ ಎಗರಿದ್ದು ನೆನಪಿದೆ. ಮುಂದಿನದು ಬೇರೆಯವರು ಹೇಳಿದ್ದು. ಬತ್ತದೊಳಗೆ ಬಿದ್ದೆನಂತೆ, ಮೈ ಸೆಟೆದು ಅದುರಿತಂತೆ. ಒಬ್ಬರು ಕೈಗೆ ಕಬ್ಬಿಣದ ಕತ್ತಿ ಹಿಡಿಸಿದರು, ಇನ್ನೊಬ್ಬರು ಮೂಗಿಗೆ ಚಪ್ಪಲಿ ಹಿಡಿದರು. ಎಚ್ಚರವಾದಾಗ ನಾಲಗೆ ಕಚ್ಚಿಕೊಂಡು ಬಾಯೆಲ್ಲ ರಕ್ತ. ಹಬ್ಬದ ದಿನ ಭೂಮ್ತಾಯಿ ಮೈಮೇಲೆ ಬಂದಳು ಎಂದರು ಕೆಲವರು. ಹಿರಿಯರೊಬ್ಬರು ಮಂಗನ ಕಾಯಿಲೆ ಇರಬಹುದು ಎಂದರು. ಅವರ ತಪ್ಪಲ್ಲ. 1957ರಲ್ಲಿ ಆ ಕಾಯಿಲೆಯನ್ನು ಮೊದಲು ಗುರುತಿಸಿದ್ದು ನಮ್ಮದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿಗೆ ಹೋಗಿ ಬಂದವರಿಗೆ ಏನೇ ಆದರೂ ನಮ್ಮಲ್ಲಿ ಮೊದಲು ನೆನಪಾಗುವುದು ಅದೇ.

ಅಪ್ಪ ಯಾರ ಮಾತನ್ನೂ ಕೇಳದೆ ಶಿವಮೊಗ್ಗದ ಬಸ್ಸು ಹತ್ತಿಸಿದರು. ನರರೋಗದ ಡಾಕ್ಟರು ಬಿದ್ದ ಕಥೆ ಕೇಳಿ ಮುಗಿಸಿ, "ಬೆಳಿಗ್ಗೆ ಹೊತ್ತು ಕೈಯಿಂದ ಲೋಟ ಗೀಟ ಹಾರ್ತದಾ?" ಎಂದರು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ನನ್ನ ಮುಖ ನೋಡಿದರು. ಅದೇ ಕಾಯಿಲೆ. ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆಯ ಮೂರ್ಛೆ. ಬೆಳಗಿನ ಎಗರಾಟ ಅದರ ಗುರುತು, ನಿದ್ದೆಗೆಡುವುದು ಅದಕ್ಕೆ ಕಿಡಿ. ಫಿಟ್ಸ್ ಬಂದಾಗ ಬಾಯಿಗೆ ಕೈಗೆ ಏನೂ ಕೊಡದೆ ಮಗ್ಗುಲಾಗಿ ಮಲಗಿಸಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು ಎಂದು ಅಪ್ಪನಿಗೆ ಹೇಳಿಕೊಟ್ಟರು. ಪಕ್ಕದ ಮನೆಯವರ ಫಿಟ್ಸ್ ಗುಳಿಗೆ ತಂದು ಕೊಡಬೇಡಿ, ಕಾರ್ಬಮಜೆಪಿನ್‌ನಂಥ ಕೆಲವು ಗುಳಿಗೆಗಳು ಈ ಎಗರಾಟವನ್ನು ಹೆಚ್ಚು ಮಾಡುತ್ತವೆ ಎಂದೂ ಎಚ್ಚರಿಸಿದರು. ಆಮೇಲೆ ಚೀಟಿಯಲ್ಲಿ ಸೋಡಿಯಂ ವಾಲ್ಪ್ರೊಯೇಟ್ ಎಂದು ಬರೆದರು.

ಗುಳಿಗೆ ಕೆಲಸ ಮಾಡಿತು. ಇದನ್ನು ಮೊದಲು ಹೇಳಬೇಕು, ಮುಂದೆ ಬರೆಯುವುದನ್ನು ಓದಿ ಯಾರೂ ಔಷಧವನ್ನು ವೈರಿ ಎಂದುಕೊಳ್ಳಬಾರದು. ಕೆಲವೇ ವಾರಗಳಲ್ಲಿ ಲೋಟ ಹಾರುವುದು ನಿಂತಿತು. ಫಿಟ್ಸ್ ಬರಲಿಲ್ಲ. ಪಿಯುಸಿ ಪಾಸಾದೆ, ಒಬ್ಬಳೇ ಬಸ್ಸಿನಲ್ಲಿ ಕಾಲೇಜಿಗೆ ಹೋದೆ.

ಜೊತೆಗೆ ಬೇರೆಯದೂ ಶುರುವಾಯಿತು. ಬಾಚಣಿಗೆಯ ತುಂಬ ಕೂದಲು. ಎಷ್ಟು ತಿಂದರೂ ಹಸಿವು. ಎರಡು ವರ್ಷದಲ್ಲಿ ಹನ್ನೊಂದು ಕೇಜಿ ಹೆಚ್ಚಾದೆ. ಮುಟ್ಟು ಏರುಪೇರಾಯಿತು. "ಹುಡುಗಿ ಮೈಕೈ ತುಂಬ್ಕಂಡ್ಲು" ಎಂದು ನೆಂಟರು ಅದನ್ನು ಆರೋಗ್ಯದ ಗುರುತೆಂದೇ ತಿಳಿದರು. ಕೊನೆಗೆ ಕೈ ನಡುಕ. ಡಾಕ್ಟರ ಹತ್ತಿರ ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದೆವು. "ಫಿಟ್ಸ್ ಬಂತಾ?" "ಇಲ್ಲ." "ಗುಡ್. ಅದನ್ನೇ ಮುಂದುವರಿಸಿ." ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಕೂದಲು, ತೂಕ, ಚಿತ್ತಾರ ಎಂದು ಹೇಳಲು ನನಗೆ ನಾಚಿಕೆ. ಜೀವ ಉಳಿಸಿದ ಗುಳಿಗೆಯ ಮೇಲೆ ದೂರು ಹೇಳುವುದು ಉಂಡ ಮನೆಗೆ ಎರಡು ಬಗೆದಂತೆ ಅನಿಸುತ್ತಿತ್ತು.

*

ಈ ಔಷಧಗಳ ಚರಿತ್ರೆಯನ್ನು ಆಮೇಲೆ ಓದಿದೆ. ಫೀನೋಬಾರ್ಬಿಟೋನ್ ಫಿಟ್ಸ್ ತಡೆಯುತ್ತದೆ ಎಂದು ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ತೋರಿಸಿದ್ದು 1912ರಲ್ಲಿ. ಅವರು ಅದನ್ನು ಕೊಟ್ಟದ್ದು ರೋಗಿಗಳಿಗೆ ನಿದ್ದೆ ಬರಲಿ ಎಂದು, ಫಿಟ್ಸ್ ಕಡಿಮೆಯಾದದ್ದು ಕಣ್ಣಿಗೆ ಬಿತ್ತು. ಆ ನಿದ್ದೆ ಇವತ್ತಿಗೂ ಆ ಗುಳಿಗೆಯ ಬೆನ್ನು ಬಿಟ್ಟಿಲ್ಲ. ನಮ್ಮೂರಲ್ಲಿ ಅದನ್ನು ನುಂಗುತ್ತಿದ್ದ ಅಜ್ಜನೊಬ್ಬ ದಿನವಿಡೀ ಜಗಲಿಯ ಮೇಲೆ ತೂಕಡಿಸುತ್ತಿದ್ದ. ಸೋಮಾರಿ ಎಂದು ನಾವು ಮಕ್ಕಳು ನಗುತ್ತಿದ್ದೆವು. 1938ರಲ್ಲಿ ಬಂದ ಫಿನಿಟಾಯಿನ್ ಅಷ್ಟು ನಿದ್ದೆ ತರುವುದಿಲ್ಲ. ಆದರೆ ಹಲವರಲ್ಲಿ ವಸಡು ಊದಿ ಹಲ್ಲಿನ ಮೇಲೆ ಬೆಳೆಯುತ್ತದೆ, ಪ್ರಮಾಣ ಹೆಚ್ಚಾದರೆ ನಡಿಗೆ ತೂರಾಡುತ್ತದೆ. ಕುಡಿಯದವನೂ ಕುಡುಕ ಅನ್ನಿಸಿಕೊಳ್ಳುತ್ತಾನೆ.

ನನ್ನ ವಾಲ್ಪ್ರೊಯೇಟಿನ ಕಥೆ ಇನ್ನೂ ವಿಚಿತ್ರ. 1882ರಲ್ಲಿ ತಯಾರಾದ ಆ ದ್ರವವನ್ನು ಎಂಬತ್ತು ವರ್ಷ ಬೇರೆ ಔಷಧಗಳನ್ನು ಕರಗಿಸಲಷ್ಟೇ ಬಳಸುತ್ತಿದ್ದರು. ಅರುವತ್ತರ ದಶಕದ ಆರಂಭದಲ್ಲಿ ಫ್ರಾನ್ಸಿನ ಪಿಯೆರ್ ಎಮಾರ್ ಹೊಸ ವಸ್ತುಗಳನ್ನು ಅದರಲ್ಲಿ ಕರಗಿಸಿ ಪರೀಕ್ಷಿಸುತ್ತಿದ್ದಾಗ, ಯಾವುದನ್ನು ಹಾಕಿದರೂ ಫಿಟ್ಸ್ ನಿಲ್ಲುವುದು ಕಂಡಿತು. ಕೆಲಸ ಮಾಡುತ್ತಿದ್ದದ್ದು ಕರಗಿದ ವಸ್ತುವಲ್ಲ, ಕರಗಿಸಿದ ದ್ರವ.

ಹಳೆಯ ಗುಳಿಗೆಗಳನ್ನು ಹಗುರವಾಗಿ ನೋಡುವಂತಿಲ್ಲ. ನಮ್ಮ ರಾಜ್ಯದ್ದೇ ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಈ ಎರಡು ಅಗ್ಗದ ಔಷಧಗಳಿಂದಲೇ, ಫೀನೋಬಾರ್ಬಿಟೋನ್ ಮತ್ತು ಫಿನಿಟಾಯಿನ್‌ನಿಂದಲೇ, ಬಹಳಷ್ಟು ಜನರ ಫಿಟ್ಸ್ ಹತೋಟಿಗೆ ತರಬಹುದೆಂದು ತೋರಿಸಿದರು. 2001ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹಳ್ಳಿಯ ರೋಗಿಗೆ ಔಷಧ ಸಿಗದಿರುವುದೇ ಮೊದಲ ಕಷ್ಟ, ನಿಜ. ಸಿಕ್ಕ ಮೇಲೆ ಅದರೊಂದಿಗೆ ಬದುಕುವುದು ಎರಡನೆಯದು.

*

ಆ ಎರಡನೆಯದನ್ನು ನಾನು ಗುಟ್ಟಾಗಿ ಬಗೆಹರಿಸಲು ಹೋದೆ. 2011ರ ನವರಾತ್ರಿಗೆ ಒಂದು ವಾರ ಇರುವಾಗ ಬೆಳಗಿನ ಗುಳಿಗೆ ಬಿಟ್ಟೆ. ನಾಲ್ಕು ದಿನ ಬಿಟ್ಟು ರಾತ್ರಿಯದನ್ನೂ ಬಿಟ್ಟೆ. ಖಾಲಿ ಮಾಡಿದಂತೆ ಕಾಣಲೆಂದು ಸ್ಟ್ರಿಪ್ಪಿನಿಂದ ಗುಳಿಗೆ ಒಡೆದು ಬಚ್ಚಲ ಹಿಂದಿನ ಬಾಳೆಯ ಬುಡಕ್ಕೆ ಹಾಕುತ್ತಿದ್ದೆ. ಮೂರು ವರ್ಷ ಏನೂ ಆಗಿಲ್ಲ, ಹತ್ತು ಹದಿನೈದು ದಿನಕ್ಕೆ ಏನಾದೀತು ಎಂಬ ಲೆಕ್ಕ.

ಕೈ ನಿಂತಿತು. ನಿಜಕ್ಕೂ ನಿಂತಿತು. ಬುಟ್ಟಿಯ ನನ್ನ ಮಗ್ಗುಲಿನ ಎಳೆಗಳು ಅವ್ವನ ಎಳೆಗಳಿಗಿಂತ ನೆಟ್ಟಗಿದ್ದವು. ನೋಡಲು ಬಂದ ಅತ್ತೆ "ಈ ಕಡೆ ಯಾರು ಬರ್ದಿದ್ದೇ?" ಎಂದು ಕೇಳಿದಾಗ ಅವ್ವ ಬಾಯಿ ತುಂಬ ನನ್ನ ಹೆಸರು ಹೇಳಿದಳು. ಆ ಸಂಜೆಯ ಖುಷಿಯನ್ನು ನಾನು ಈಗಲೂ ಸುಳ್ಳೆನ್ನಲಾರೆ.

ಭೂಮಿ ಹುಣ್ಣಿಮೆಗೆ ಮೂರು ದಿನ ಇರುವಾಗ, ಬೆಳಿಗ್ಗೆ ಆರು ಗಂಟೆಗೆ, ಬಚ್ಚಲ ಒಲೆಗೆ ಕಟ್ಟಿಗೆ ನೂಕುತ್ತಿದ್ದೆ. ಕೈಯಿಂದ ಸೌದೆ ಹಾರಿತು. ಅಷ್ಟೇ ಗೊತ್ತು. ಒಲೆಯ ಬಾಯಿಗೆ ಬಿದ್ದಿದ್ದೆ. ಎಡ ಮೊಣಕೈಯಿಂದ ಮುಂಗೈವರೆಗೆ ಸುಟ್ಟಿತು. ಅಪ್ಪ ಎಳೆದುಕೊಳ್ಳದಿದ್ದರೆ ಮುಖವೂ ಹೋಗುತ್ತಿತ್ತು. ಒಂದಾದ ಮೇಲೆ ಒಂದರಂತೆ ಎರಡು ಸಲ ಫಿಟ್ಸ್ ಬಂತಂತೆ. ಈ ಔಷಧಗಳನ್ನು ಒಮ್ಮೆಲೇ ಬಿಟ್ಟರೆ ಹೀಗೆ ನಿಲ್ಲದೆ ಬರುವುದುಂಟು, ಅದರಲ್ಲೇ ಜೀವ ಹೋಗುವುದೂ ಉಂಟು ಎಂದು ನನಗೆ ಆಮೇಲೆ ತಿಳಿಯಿತು.

ಬಾಳೆಯ ಬುಡದಲ್ಲಿ ಅರ್ಧ ಕರಗಿದ ಗುಳಿಗೆಗಳನ್ನು ಕಂಡವಳು ಅವ್ವ. ಅವಳು ಬೈಯಲಿಲ್ಲ. ಆಸ್ಪತ್ರೆಯಲ್ಲಿ ಕಟ್ಟು ಹಾಕಿದ ಕೈಯನ್ನು ನೋಡುತ್ತಾ ಕೂತವಳು, "ಎಳೆ ಡೊಂಕಾದ್ರೆ ಆಗ್ಲಿ ಅಂತ ನಾನಾರೂ ಹೇಳ್ಬೋದಿತ್ತು" ಎಂದಳು. ಒಂದು ವರ್ಷದ ಹಿಂದೆ ಬುಟ್ಟಿಯನ್ನು ತನ್ನ ಕಡೆ ತಿರುಗಿಸಿಕೊಂಡದ್ದು ಅವಳಿಗೂ ನೆನಪಿತ್ತು.

ಈ ಸಲ ನೋಡಿದ್ದು ಬೇರೆ ಡಾಕ್ಟರು, ಹೆಂಗಸು. "ಯಾಕೆ ಬಿಟ್ಟೆ?" ಎಂದರು. ಹೇಳಿದೆ. "ಮೊದಲು ಹೇಳಲಿಲ್ಲ ಯಾಕೆ?" "ಯಾರೂ ಕೇಳಲಿಲ್ಲ." ಅವರು ಒಂದು ಗಳಿಗೆ ಸುಮ್ಮನಿದ್ದು, ಬಲಗೈ ಮುಂದೆ ಚಾಚಲು ಹೇಳಿದರು. ಚಾಚಿದ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟು ಅದರ ಅಂಚು ಅದುರುತ್ತದೆಯೇ ಎಂದು ನೋಡಿದರು. ಆಮೇಲೆ ಪೆನ್ನು ಕೊಟ್ಟು, ಒಳಗಿನಿಂದ ಹೊರಕ್ಕೆ ಸುರುಳಿ ಬರೆಯಲು ಹೇಳಿದರು. ಗುಳಿಗೆ ಮತ್ತೆ ಶುರುವಾಗಿ ವಾರ ಕಳೆದಿತ್ತು, ಸುರುಳಿ ಅಲೆಅಲೆಯಾಗಿ ಬಂತು. ನಡುಕವನ್ನು ಅಳೆಯಲು ಡಾಕ್ಟರುಗಳೂ ಎಳೆ ಬರೆಸುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಹಾಳೆಯ ಮೇಲೆ ತಾರೀಕು ಹಾಕಿ ಫೈಲಿನಲ್ಲಿ ಇಟ್ಟುಕೊಂಡರು.

ಈ ನಡುಕ ಔಷಧದ ಪ್ರಮಾಣಕ್ಕೆ ತಕ್ಕಂತೆ ಏರಿಳಿಯುತ್ತದಂತೆ. ದಿನಕ್ಕೆ 1000 ಮಿಲಿಗ್ರಾಂ ಇದ್ದದ್ದನ್ನು ತಿಂಗಳುಗಟ್ಟಲೆ ನಿಧಾನವಾಗಿ 600ಕ್ಕೆ ಇಳಿಸಿ, ಮೈಯಲ್ಲಿ ಮೆಲ್ಲಗೆ ಬಿಡುಗಡೆಯಾಗುವ ಗುಳಿಗೆಗೆ ಬದಲಾಯಿಸಿದರು. ಫಿಟ್ಸ್ ಬರಲಿಲ್ಲ. ಆರು ತಿಂಗಳ ನಂತರದ ಸುರುಳಿ ಹೆಚ್ಚುಕಡಿಮೆ ದುಂಡಗಿತ್ತು. ಬಾಯಿ ಬಿಟ್ಟು ಹೇಳಿದ್ದರೆ ಒಂದು ವರ್ಷದ ಹಿಂದೆಯೇ ಆಗಬಹುದಾಗಿದ್ದ ಕೆಲಸ. ಮೊಣಕೈಯ ಕಲೆಯನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುವುದು ಇಷ್ಟೇ. ನನ್ನನ್ನು ಸುಟ್ಟದ್ದು ಗುಳಿಗೆಯಲ್ಲ, ಅದರ ಬಗ್ಗೆ ನಾನು, ಅವ್ವ, ಡಾಕ್ಟರು ಮೂವರೂ ಆಡದ ಮಾತು.

*

ಹೇಳದೆ ಉಳಿದ ಇನ್ನೊಂದು ಮಾತಿತ್ತು. ಅದು ನನಗೂ ಗೊತ್ತಿರಲಿಲ್ಲ.

2017ರಲ್ಲಿ ಮದುವೆ ಮಾತು ಬಂತು. ಗುಳಿಗೆಯ ವಿಷಯ ಗಂಡಿನ ಕಡೆಗೆ ಹೇಳುವುದೋ ಬೇಡವೋ ಎಂದು ಮನೆಯಲ್ಲಿ ವಾರಗಟ್ಟಲೆ ಪಿಸುಮಾತು. ಹಿಂದೂ ವಿವಾಹ ಕಾಯ್ದೆಯಲ್ಲಿ ಪದೇ ಪದೇ ಮೂರ್ಛೆ ಬರುವವರು ಮದುವೆಗೆ ಅರ್ಹರಲ್ಲ ಎಂಬ ಮಾತಿತ್ತು, 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಕಾಯ್ದೆ ಬಿಟ್ಟರೂ ಜನ ಬಿಡುವುದಿಲ್ಲ ಎಂದು ದೊಡ್ಡಪ್ಪನ ವಾದ. ನಾನು ಹುಡುಗನನ್ನು ಕೂರಿಸಿ ಎಲ್ಲ ಹೇಳಿದೆ. ಕಲೆಯನ್ನೂ ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಈ ಗುಳಿಗೆಯಿಂದ ಮಕ್ಕಳಿಗೆ ಏನಾದರೂ ಆಗುತ್ತಾ?"

ಒಂಬತ್ತು ವರ್ಷ ಆ ಗುಳಿಗೆ ನುಂಗಿದ್ದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಡಾಕ್ಟರನ್ನು ಕೇಳಿದೆವು. ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಬಸಿರಿನಲ್ಲಿ ವಾಲ್ಪ್ರೊಯೇಟ್ ತೆಗೆದುಕೊಂಡರೆ ಹತ್ತರಲ್ಲಿ ಸುಮಾರು ಒಂದು ಮಗುವಿಗೆ ಹುಟ್ಟಿನಿಂದಲೇ ದೇಹದಲ್ಲಿ ಊನ ಇರಬಹುದು, ಬೆನ್ನುಹುರಿಯ ತೊಂದರೆಯೂ ಅದರಲ್ಲಿ ಒಂದು. ಹತ್ತರಲ್ಲಿ ಮೂರು ನಾಲ್ಕು ಮಕ್ಕಳಿಗೆ ಬುದ್ಧಿ, ಮಾತು, ಕಲಿಕೆಯ ಬೆಳವಣಿಗೆಯಲ್ಲಿ ಹಿಂದುಳಿಯುವ ಭಯ. ಅಪಾಯ ಮೊದಲ ವಾರಗಳಲ್ಲೇ ಇದೆ, ಬಸಿರೆಂದು ಗೊತ್ತಾಗುವ ಮೊದಲೇ. ಆದ್ದರಿಂದ ಮೊದಲೇ ಬದಲಾಯಿಸಬೇಕು. ಮರುವರ್ಷ, 2018ರಲ್ಲಿ, ಯುರೋಪಿನ ಔಷಧ ನಿಯಂತ್ರಕರು ಬಸಿರಾಗಬಹುದಾದ ಹೆಂಗಸರಿಗೆ ಗರ್ಭ ತಡೆಯುವ ಏರ್ಪಾಡಿಲ್ಲದೆ ಈ ಔಷಧ ಕೊಡಬಾರದೆಂದು ಕಟ್ಟುನಿಟ್ಟು ಮಾಡಿದರು. ಹದಿನಾರರ ಹುಡುಗಿಗೆ ಚೀಟಿ ಬರೆಯುವಾಗ ಇದನ್ನು ಒಂದು ಸಾಲಿನಲ್ಲಾದರೂ ಹೇಳಬಹುದಿತ್ತು. ನನ್ನ ಕಾಯಿಲೆಗೆ ಅದು ಬಹಳ ಒಳ್ಳೆಯ ಔಷಧ ಎಂಬುದೂ ಸತ್ಯ, ಬೇರೆಯವು ಆಗ ದುಬಾರಿಯಿದ್ದವು ಎಂಬುದೂ ಸತ್ಯ. ಆದರೂ ಹೇಳಬಹುದಿತ್ತು.

ಲೆವೆಟಿರಾಸಿಟಾಮ್‌ಗೆ ಬದಲಾಯಿಸಲು ನಾಲ್ಕು ತಿಂಗಳು ಹಿಡಿಯಿತು. ಒಂದನ್ನು ಏರಿಸುತ್ತಾ ಇನ್ನೊಂದನ್ನು ಇಳಿಸುತ್ತಾ ಹೋಗಬೇಕು. ಕೈಯ ನಡುಕ ಪೂರ್ತಿ ಹೋಯಿತು. ಬದಲಿಗೆ ಸಿಟ್ಟು ಬಂತು. ಸಾರಿಗೆ ಉಪ್ಪು ಕಡಿಮೆ ಎಂದರೆ ತಟ್ಟೆ ನೂಕುವಷ್ಟು ಸಿಟ್ಟು, ಅರ್ಧ ತಾಸಿನ ನಂತರ ಅಳು. ಹೊಸ ಮದುವೆ. ಗಂಡ ಹೆದರಿದರು. ಈ ಸಲ ನಾನು ಕಾಯಲಿಲ್ಲ. ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದುಕೊಂಡು ಹೋಗಿ ಡಾಕ್ಟರ ಮುಂದಿಟ್ಟೆ. ಇದು ಆ ಗುಳಿಗೆಯ ಗೊತ್ತಿರುವ ಗುಣ ಎಂದರು, ಪ್ರಮಾಣ ಸ್ವಲ್ಪ ಇಳಿಸಿದರು. ಸಿಟ್ಟು ಹೋಗಲಿಲ್ಲ, ಆದರೆ ಅದು ಎಲ್ಲಿಂದ ಬರುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ನಾನು ರೇಗಿದರೆ ಗಂಡ ಈಗಲೂ "ಇದು ನಿಂದಾ, ಗುಳಿಗೇದಾ?" ಎಂದು ಕೇಳುತ್ತಾರೆ. ಒಮ್ಮೊಮ್ಮೆ ನನ್ನದೇ ಆಗಿರುತ್ತದೆ.

2019ರ ಭೂಮಿ ಹುಣ್ಣಿಮೆಗೆ ನಾನು ಐದು ತಿಂಗಳ ಬಸುರಿ. ಲೆವೆಟಿರಾಸಿಟಾಮ್ ಜೊತೆಗೆ ಫೋಲಿಕ್ ಆಸಿಡ್. ಐದನೇ ತಿಂಗಳ ಸ್ಕ್ಯಾನಿನಲ್ಲಿ ಬೆನ್ನುಹುರಿ ಸರಿಯಾಗಿದೆ ಎಂದು ನೋಡಿ ಊರಿಗೆ ಬಂದಿದ್ದೆ. ಅವ್ವ ಆ ವರ್ಷ ಹೊಸ ನೇಮ ಮಾಡಿದಳು. ಬುಟ್ಟಿಯ ಚಿತ್ತಾರ ಹಗಲು ಹೊತ್ತು ನನ್ನದು, ರಾತ್ರಿ ನಿದ್ದೆಗೆಡುವುದು ಅಪ್ಪ ಮತ್ತು ತಮ್ಮನದು. ಗಂಡಸರು ಕಡುಬು ಕಟ್ಟಿದ್ದನ್ನು ನೋಡಿ ಕೇರಿಯವರು ನಕ್ಕರು. ಭೂಮಿಯ ಬಯಕೆಯ ಅಡುಗೆ ಬೇಯುತ್ತಿರುವಾಗ ಬಸುರಿ ಮಗಳು ಒಳಗೆ ಎಂಟು ತಾಸು ನಿದ್ದೆ ಮಾಡಿದಳು. ಆ ನೇಮ ಈಗಲೂ ನಡೆದಿದೆ. ಮಗಳು ಆರೋಗ್ಯವಾಗಿದ್ದಾಳೆ, ಪುಂಡಿ ನಾರನ್ನು ಬಾಯಿಗೆ ಹಾಕಿ ಜಗಿಯುತ್ತಾಳೆ.

ಕಳೆದ ನವರಾತ್ರಿಗೆ ಹೋದಾಗ ಅವ್ವ ಬುಟ್ಟಿಯ ಮುಂದೆ ಕಾಲು ಚಾಚಿ ಕೂತಿದ್ದಳು. ಪಾದ ಎರಡೂ ಊದಿದ್ದವು. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಬಿಪಿಗೆ ಅಮ್ಲೊಡಿಪಿನ್ ಶುರುವಾಗಿ ನಾಲ್ಕು ತಿಂಗಳಾಗಿತ್ತು. ಆ ಗುಳಿಗೆಯಿಂದ ಕಾಲು ಊದುವುದುಂಟು, ಬದಲಿಗೆ ಬೇರೆ ಇವೆ.

"ಯಾವಾಗಿಂದ ಹಿಂಗೆ?" ಕೇಳಿದೆ.

"ಎಂತದೋ, ವಯಸ್ಸಾತು."

"ಡಾಕ್ಟ್ರಿಗೆ ಹೇಳ್ದ್ಯಾ?"

ಅವ್ವ ನಾರನ್ನು ಬಿಳಿಯಲ್ಲಿ ಅದ್ದಿ ಒಂದು ಎಳೆ ಎಳೆದಳು. ನೆಟ್ಟಗಿತ್ತು.

"ಅವ್ರು ಕೇಳ್ಲಿಲ್ಲ" ಎಂದಳು.

ನಾನು ಬುಟ್ಟಿಯನ್ನು ನನ್ನ ಕಡೆ ತಿರುಗಿಸಿಕೊಳ್ಳಲಿಲ್ಲ. ಚೀಲದಿಂದ ನನ್ನ ನೋಟ್‌ಬುಕ್ಕು ತೆಗೆದು, ಹೊಸ ಪುಟದಲ್ಲಿ ಅವಳ ಹೆಸರು ಬರೆದು, ಆವತ್ತಿನ ತಾರೀಕು ಹಾಕಿದೆ.